‘ಎಲ್ಲವೂ ಗ್ರೀನ್’ ಎನ್ನದಿದ್ದರೆ ವೃತ್ತಿಪರತೆಗೆ ಕುಂದೇ?

ಪ್ರಶ್ನೆ: ನಾನು ಬೆಂಗಳೂರಿನ ಐಟಿ ಸೇವಾ ಕಂಪನಿಯೊಂದರಲ್ಲಿ ನಾಲ್ಕು ವರ್ಷಗಳಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ವಿದೇಶದ ಗ್ರಾಹಕ ಸಂಸ್ಥೆಯೊಂದರ ವಿಮಾ ಕಂತು ಪಾವತಿಯ ತಂತ್ರಾಂಶವನ್ನು ನಮ್ಮ ತಂಡ ನೋಡಿಕೊಳ್ಳುತ್ತದೆ. ಅದರ ಹೊಸ ಆವೃತ್ತಿಯ ಕಳೆದ ರಿಲೀಸ್‌ಗೆ ಮುಂಚೆ ರಿಗ್ರೆಷನ್ ಟೆಸ್ಟಿಂಗ್ (ಹೊಸ ಬದಲಾವಣೆಯಿಂದ ಹಳೆಯದೇನೂ ಕೆಟ್ಟಿಲ್ಲವೆಂದು ನೋಡುವ ಪರೀಕ್ಷೆ) ಅರ್ಧ ಮಾತ್ರ ಮುಗಿದಿತ್ತು. ಹಿಂದಿನ ಸಂಜೆ ಕಾಫಿ ಕುಡಿಯುವಾಗ ಇದನ್ನು ಮ್ಯಾನೇಜರ್‌ಗೆ ಹೇಳಿದೆ. ‘ಸ್ಟೇಟಸ್ ಗ್ರೀನ್ ಅಂತಲೇ ಹೇಳೋಣ, ಆಮೇಲೆ ನೋಡಿಕೊಂಡರಾಯಿತು’ ಎಂದರು. ಗ್ರೀನ್ ಎಂದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಮರುದಿನದ ಕಾಲ್‌ನಲ್ಲಿ ಗ್ರಾಹಕರು ನನ್ನನ್ನೇ ನೇರವಾಗಿ ಕೇಳಿದಾಗ ಮುಗಿದಿಲ್ಲ ಎಂದುಬಿಟ್ಟೆ. ರಿಲೀಸ್ ಒಂದು ವಾರ ಮುಂದೆ ಹೋಯಿತು. ಈಗ ಅಪ್ರೈಸಲ್‌ನಲ್ಲಿ ‘ವೃತ್ತಿಪರತೆ ಸುಧಾರಿಸಬೇಕು’ ಎಂದು ಬರೆದಿದ್ದಾರೆ. ನಾನು ಮಾಡಿದ್ದು ತಪ್ಪೇ? ಮ್ಯಾನೇಜರ್ ಬಳಿ ಕ್ಷಮೆ ಕೇಳಬೇಕೇ? ಮುಂದಿನ ತಿಂಗಳ ರಿಲೀಸ್‌ನಲ್ಲಿ ಇದೇ ಪ್ರಸಂಗ ಮರುಕಳಿಸಿದರೆ ಏನು ಮಾಡಲಿ?

ಉತ್ತರ: ನಿಮ್ಮ ಮ್ಯಾನೇಜರ್ ಬಳಸಿರುವ ‘ವೃತ್ತಿಪರತೆ’ ಎಂಬ ಪದಕ್ಕೆ ನಮ್ಮ ಐಟಿ ಕಚೇರಿಗಳಲ್ಲಿ ಬಹುಕಾಲದಿಂದ ಒಂದು ಸಣ್ಣ ಅರ್ಥ ಅಂಟಿಕೊಂಡಿದೆ. ಸಮಯಕ್ಕೆ ಸರಿಯಾಗಿ ಕಾಲ್‌ಗೆ ಸೇರುವುದು, ಇಸ್ತ್ರಿ ಮಾಡಿದಂಥ ಇಂಗ್ಲಿಷಿನಲ್ಲಿ ಮೇಲ್ ಬರೆಯುವುದು, ಗ್ರಾಹಕರೆದುರು ದನಿ ಏರಿಸದಿರುವುದು, ಮೇಲಿನವರು ಹೇಳಿದ್ದಕ್ಕೆ ಎದುರಾಡದಿರುವುದು, ಇಷ್ಟಿದ್ದರೆ ಆ ವ್ಯಕ್ತಿ ‘ತುಂಬಾ ಪ್ರೊಫೆಷನಲ್’. ಇವುಗಳಲ್ಲಿ ಮೊದಲ ಮೂರು ಒಳ್ಳೆಯ ನಡವಳಿಕೆಗಳೇ, ಅವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ನಡವಳಿಕೆ ಬೇರೆ, ವೃತ್ತಿಧರ್ಮ ಬೇರೆ. ನಾಲ್ಕನೆಯದಂತೂ ಎರಡೂ ಅಲ್ಲ, ಅದು ಬರಿಯ ವಿಧೇಯತೆ.

ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ಒಂದು ಸಂಗತಿಯನ್ನು ನೋಡಿ. ಮೋಲ್ಡ್ ಹಾಕಿ ವಾರವಾಗಿರುತ್ತದೆ, ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿರುತ್ತದೆ, ಯಜಮಾನರು ಸೆಂಟ್ರಿಂಗ್ ಬಿಚ್ಚಿಬಿಡಿ ಎಂದು ಒತ್ತಾಯಿಸುತ್ತಾರೆ. ಒಳ್ಳೆಯ ಮೇಸ್ತ್ರಿ ಆಗದು ಎನ್ನುತ್ತಾನೆ. ಹಣ ಕೊಡುವವರು ಯಜಮಾನರೇ, ಅವರು ಬೈದರೆ ಬೈಸಿಕೊಳ್ಳುವವನು ಅವನೇ. ಆದರೂ ಕಾಂಕ್ರೀಟು ಗಟ್ಟಿಯಾಗಿದೆಯೋ ಇಲ್ಲವೋ ಎಂಬುದನ್ನು ಯಜಮಾನರ ಅವಸರ ನಿರ್ಧರಿಸಲಾರದು ಎಂದು ಅವನಿಗೆ ಗೊತ್ತು, ಆ ಸೂರಿನ ಕೆಳಗೆ ಮಲಗುವ ಮಕ್ಕಳು ಆ ಮಾತುಕತೆಯಲ್ಲಿ ಇಲ್ಲ ಎಂಬುದೂ ಗೊತ್ತು. ಮಾತುಕತೆಯಲ್ಲಿ ಇಲ್ಲದವರ ಪರವಾಗಿಯೂ ಯೋಚಿಸುವ ಈ ಹೊಣೆಯನ್ನೇ ನಾನು ವೃತ್ತಿಪರತೆ ಎಂದು ತಿಳಿದಿದ್ದೇನೆ. ನಿಮ್ಮ ಪ್ರಸಂಗದಲ್ಲಿ ಕಾಲ್‌ನಲ್ಲಿ ಇಲ್ಲದಿದ್ದವರು ತಿಂಗಳು ತಿಂಗಳೂ ವಿಮಾ ಕಂತು ಕಟ್ಟುವ ಜನ.

ಹಾಗಾದರೆ ಈ ಹೊಣೆ ಎಲ್ಲಾದರೂ ಬರೆದಿದೆಯೇ ಎಂದು ನೀವು ಕೇಳಬಹುದು. ಲೆಕ್ಕ ಪರಿಶೋಧಕರಿಗೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಿದೆ, ವಕೀಲರಿಗೆ 1961ರ ಅಡ್ವೊಕೇಟ್ಸ್ ಕಾಯ್ದೆಯಿದೆ. ಆ ಕಾಯ್ದೆಗಳು ಅವರ ಮೇಲೆ ಶಿಸ್ತು ಹೇರುವಂತೆಯೇ ಅವರಿಗೆ ಒಂದು ಬಲವನ್ನೂ ಕೊಡುತ್ತವೆ. ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಎಂದವರಿಗೆ ‘ಹಾಕಿದರೆ ನನ್ನ ಸದಸ್ಯತ್ವವೇ ಹೋಗುತ್ತದೆ’ ಎಂದು ಲೆಕ್ಕ ಪರಿಶೋಧಕ ಹೇಳಬಲ್ಲ. ಸಾಫ್ಟ್‌ವೇರ್‌ನವರಿಗೆ ನಮ್ಮ ದೇಶದಲ್ಲಿ ಅಂಥ ಕಾಯ್ದೆಯೂ ಇಲ್ಲ, ಪರಿಷತ್ತೂ ಇಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯ 1998ರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಪರವಾನಗಿ ಕೊಡಲು ಆರಂಭಿಸಿತು, 2013ರಲ್ಲಿ ಅದಕ್ಕೆಂದೇ ಅಲ್ಲಿ ರಾಷ್ಟ್ರಮಟ್ಟದ ಪರೀಕ್ಷೆಯೊಂದೂ ಶುರುವಾಯಿತು. ಬರೆಯುವವರು ತೀರ ಕಡಿಮೆಯೆಂದು 2019ರಲ್ಲಿ ಆ ಪರೀಕ್ಷೆಯನ್ನು ನಿಲ್ಲಿಸಿದರು. ಪರವಾನಗಿ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ನಂಬುವುದಿಲ್ಲ. ಆದರೆ ಅದು ಇಲ್ಲದಿರುವುದರಿಂದ ‘ಇಲ್ಲ’ ಎನ್ನುವ ಭಾರವೆಲ್ಲ ನಿಮ್ಮಂಥ ಒಬ್ಬೊಬ್ಬರ ಹೆಗಲ ಮೇಲೆಯೇ ಬೀಳುತ್ತದೆ ಎಂಬುದು ನಿಜ.

ಕಾಯ್ದೆಯಿಲ್ಲದಿದ್ದರೂ ಒಂದು ಸಂಹಿತೆಯಿದೆ. ಕಂಪ್ಯೂಟರ್ ಕ್ಷೇತ್ರದ ಎರಡು ದೊಡ್ಡ ಸಂಘಗಳಾದ ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಸೇರಿ 1999ರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳ ನೀತಿಸಂಹಿತೆಯನ್ನು ಅಂಗೀಕರಿಸಿದವು. ಅದರಲ್ಲಿ ಎಂಟು ತತ್ತ್ವಗಳಿವೆ. ಮೊದಲನೆಯದು ಸಾರ್ವಜನಿಕರ ಹಿತ. ಎರಡನೆಯದು ಗ್ರಾಹಕರು ಮತ್ತು ಉದ್ಯೋಗದಾತರ ಹಿತ, ಅದೂ ಸಾರ್ವಜನಿಕ ಹಿತಕ್ಕೆ ಹೊಂದಿಕೊಂಡಿರಬೇಕೆಂಬ ಷರತ್ತಿನೊಡನೆ. ಈ ಅನುಕ್ರಮ ಕಾಕತಾಳೀಯವಲ್ಲ. ನಿಮ್ಮ ಅಪ್ರೈಸಲ್ ಬರೆದವರು ಎರಡನೆಯದನ್ನು ಮೊದಲಿಗೆ ತಂದಿದ್ದಾರೆ. ಇಲ್ಲ, ಇನ್ನೂ ನಿಖರವಾಗಿ ಹೇಳಬೇಕೆಂದರೆ ಎರಡನೆಯದನ್ನೂ ಪಾಲಿಸಿಲ್ಲ, ಏಕೆಂದರೆ ಟೆಸ್ಟಿಂಗ್ ಮುಗಿದಿಲ್ಲ ಎಂಬ ಸಂಗತಿಯನ್ನು ಗ್ರಾಹಕರಿಂದ ಮರೆಮಾಚುವುದು ಗ್ರಾಹಕರ ಹಿತವೂ ಆಗಲಾರದು.

‘ಸ್ಟೇಟಸ್ ಗ್ರೀನ್’ ಎಂಬ ಎರಡು ಪದಗಳಿಂದ ಎಂಥ ಅನಾಹುತವಾದೀತು ಎಂದು ಅನ್ನಿಸುವುದು ಸಹಜ. ಇದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ, ಅದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಏಕೆ ಕಲಿಸುವುದಿಲ್ಲವೋ ತಿಳಿಯದು. ಫುಜಿತ್ಸು ಕಂಪನಿ ಒದಗಿಸಿದ ಹೊರೈಜನ್ ಎಂಬ ಲೆಕ್ಕಪತ್ರದ ತಂತ್ರಾಂಶ 1999ರಿಂದ ಅಲ್ಲಿನ ಶಾಖೆಗಳಿಗೆ ಬಂತು. ಅದರಲ್ಲಿನ ದೋಷಗಳಿಂದ ಶಾಖೆಗಳ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸತೊಡಗಿತು. ಶಾಖೆ ನಡೆಸುತ್ತಿದ್ದ ಸಬ್ ಪೋಸ್ಟ್‌ಮಾಸ್ಟರ್‌ಗಳು ಕೊರತೆಯನ್ನು ತಮ್ಮ ಕೈಯಿಂದಲೇ ತುಂಬಿಕೊಡಬೇಕೆಂಬ ಕರಾರಿತ್ತು. ತುಂಬಲಾಗದವರ ಮೇಲೆ ಕಳ್ಳತನದ, ಸುಳ್ಳು ಲೆಕ್ಕದ ಮೊಕದ್ದಮೆ ಹೂಡಲಾಯಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಮನೆ ಮಾರಿಕೊಂಡವರಿದ್ದರು, ಜೀವ ಕಳೆದುಕೊಂಡವರಿದ್ದರು. ಭಾರತೀಯ ಮೂಲದ ಒಬ್ಬ ಸಬ್ ಪೋಸ್ಟ್‌ಮಾಸ್ಟರ್ 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲಿಗೆ ಹೋದರು.

ದೋಷಗಳಿದ್ದದ್ದು ಒಳಗಿನವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಶಾಖೆಯ ನಗದು ಲೆಕ್ಕ ನೋಡಿಕೊಳ್ಳುವ ಭಾಗದ ಕೋಡ್ ಕಳಪೆಯಾಗಿದೆ, ಅದನ್ನು ಹೊಸದಾಗಿ ಬರೆಯಬೇಕು ಎಂದು ತಂತ್ರಾಂಶ ಬಳಕೆಗೆ ಬರುವ ಮುಂಚೆಯೇ ಕೆಲವು ಎಂಜಿನಿಯರ್‌ಗಳು ಹೇಳಿದ್ದು ಮುಂದೆ ನಡೆದ ಸಾರ್ವಜನಿಕ ವಿಚಾರಣೆಯಲ್ಲಿ ಹೊರಬಂತು. ಸಬ್ ಪೋಸ್ಟ್‌ಮಾಸ್ಟರ್‌ಗೆ ತಿಳಿಯದಂತೆ ಶಾಖೆಯ ಲೆಕ್ಕವನ್ನು ದೂರದಿಂದಲೇ ತಿದ್ದುವ ಸೌಲಭ್ಯ ಫುಜಿತ್ಸು ಸಿಬ್ಬಂದಿಗೆ ಇತ್ತು, ಅಂಥದ್ದು ಸಾಧ್ಯವೇ ಇಲ್ಲವೆಂದು ಅಂಚೆ ಸಂಸ್ಥೆ ವರ್ಷಗಟ್ಟಲೆ ಹೇಳುತ್ತ ಬಂತು. 2019ರ ಡಿಸೆಂಬರ್‌ನಲ್ಲಿ ಹೈಕೋರ್ಟು ತಂತ್ರಾಂಶದಲ್ಲಿ ದೋಷಗಳಿದ್ದವೆಂದು ತೀರ್ಪಿತ್ತಿತು, 2024ರಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿ ಶಿಕ್ಷೆಗಳನ್ನು ರದ್ದುಪಡಿಸಿತು. ಈ ಕಥೆಯಲ್ಲಿ ಯಾರೋ ಒಬ್ಬ ದುಷ್ಟ ಎಂಜಿನಿಯರ್ ಕುಳಿತು ಸಾವಿರ ಮನೆ ಹಾಳುಮಾಡಲಿಲ್ಲ. ‘ವ್ಯವಸ್ಥೆ ಸರಿಯಾಗಿದೆ’ ಎಂಬ ಒಂದು ಮಾತು ಕೆಳಗಿನಿಂದ ಮೇಲಕ್ಕೆ ಹೋಗುತ್ತ ಹೋಗುತ್ತ ಪ್ರತಿ ಮೆಟ್ಟಿಲಿನಲ್ಲೂ ಇನ್ನಷ್ಟು ಖಚಿತವಾಗುತ್ತ, ಕೊನೆಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಂತಿತು. ನಿಮ್ಮ ‘ಗ್ರೀನ್’ ಕೂಡ ನಿಮ್ಮ ಮ್ಯಾನೇಜರ್ ಬಳಿ ನಿಲ್ಲುವುದಿಲ್ಲ. ಅವರ ಮೇಲಿನವರು ಅದನ್ನು ನಂಬಿ ಇನ್ನೊಬ್ಬರಿಗೆ ಮಾತು ಕೊಡುತ್ತಾರೆ.

ಮೇಲಿನವರು ಹೇಳಿದ್ದಕ್ಕೆ ಮಾಡಿದೆ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ ಎಂಬುದಕ್ಕೆ ಫೋಕ್ಸ್‌ವ್ಯಾಗನ್ ಪ್ರಕರಣ ಸಾಕು. ಹೊಗೆ ತಪಾಸಣೆ ನಡೆಯುವಾಗ ಮಾತ್ರ ಮಾಲಿನ್ಯ ನಿಯಂತ್ರಣವನ್ನು ಪೂರ್ತಿ ಚಾಲೂ ಮಾಡಿ, ರಸ್ತೆಗಿಳಿದಾಗ ಸಡಿಲಿಸುವ ತಂತ್ರಾಂಶವನ್ನು ಸುಮಾರು 1.1 ಕೋಟಿ ಡೀಸೆಲ್ ವಾಹನಗಳಲ್ಲಿ ಅಳವಡಿಸಿದ್ದು 2015ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ತಪ್ಪೊಪ್ಪಿಕೊಂಡ ಎಂಜಿನಿಯರ್ ಜೇಮ್ಸ್ ಲಿಯಾಂಗ್‌ಗೆ 2017ರಲ್ಲಿ ಅಮೆರಿಕದ ನ್ಯಾಯಾಲಯ 40 ತಿಂಗಳ ಸೆರೆವಾಸ ಮತ್ತು ಎರಡು ಲಕ್ಷ ಡಾಲರ್ ದಂಡ ವಿಧಿಸಿತು. ಅವರು ತನಿಖೆಗೆ ಸಹಕರಿಸಿದ್ದರು, ಸ್ವಂತಕ್ಕೆಂದು ಹಗರಣ ಹೂಡಿದವರೂ ಅಲ್ಲ. ನಿಮ್ಮ ವಿಷಯ ಇಷ್ಟು ದೊಡ್ಡದಲ್ಲ ಎಂಬುದು ನನಗೂ ಗೊತ್ತು, ಹೆದರಿಸಲು ಇದನ್ನು ಹೇಳುತ್ತಿಲ್ಲ.

ಇನ್ನು ನನ್ನದೇ ಒಂದು ಪ್ರಸಂಗವನ್ನು ಹೇಳಬೇಕು, ಇಲ್ಲದಿದ್ದರೆ ಉಪದೇಶ ಸುಲಭವಾಗಿಬಿಡುತ್ತದೆ. ವೃತ್ತಿಗೆ ಬಂದ ಐದನೆಯ ವರ್ಷ, ಸಾಲದ ಬಡ್ಡಿ ಲೆಕ್ಕ ಹಾಕುವ ತಂತ್ರಾಂಶವೊಂದರಲ್ಲಿ ಪೈಸೆಗಳನ್ನು ಪೂರ್ಣಾಂಕಕ್ಕೆ ತರುವ ಕಡೆ ನಾನು ಬರೆದಿದ್ದ ಕೋಡ್ ತಪ್ಪಾಗಿದೆ ಎಂದು ಒಂದು ಗುರುವಾರ ಸಂಜೆ ನನಗೆ ತಿಳಿಯಿತು. ಸದ್ದಿಲ್ಲದೆ ಸರಿಪಡಿಸಿ ಸೋಮವಾರ ಹೇಳಿದರಾಯಿತು ಎಂದುಕೊಂಡೆ. ಯಾರೂ ನನಗೆ ಸುಳ್ಳು ಹೇಳು ಎಂದಿರಲಿಲ್ಲ, ಸುಳ್ಳನ್ನೂ ನಾನು ಹೇಳಲಿಲ್ಲ, ಸುಮ್ಮನಿದ್ದೆ ಅಷ್ಟೆ. ಶನಿವಾರ ರಾತ್ರಿ ಎಲ್ಲ ಖಾತೆಗಳ ತಿಂಗಳ ಬಡ್ಡಿಯನ್ನು ಒಟ್ಟಿಗೆ ಲೆಕ್ಕ ಹಾಕುವ ಬ್ಯಾಚ್ ಓಡಿತು, ತಪ್ಪು ಲೆಕ್ಕದ ಪತ್ರಗಳು ಸಾಲಗಾರರ ಮನೆಗೆ ಹೋದವು. ಗುರುವಾರವೇ ಹೇಳಿದ್ದರೆ ಬ್ಯಾಚನ್ನು ಎರಡು ದಿನ ತಡೆಹಿಡಿದರೆ ಮುಗಿಯುತ್ತಿತ್ತು, ಅದರ ಬದಲು ನಾವು ಆರು ಜನ ಎರಡು ವಾರ ಕುಳಿತು ಒಂದೊಂದು ಖಾತೆಯನ್ನೂ ತಿದ್ದಿದೆವು. ಅಂದಿನ ನನ್ನ ಲೀಡ್ ಬೈಯಲಿಲ್ಲ. ‘ಗೊತ್ತಾದದ್ದು ಯಾವಾಗ?’ ಎಂದು ಮಾತ್ರ ಕೇಳಿದರು. ಆ ಪ್ರಶ್ನೆಗೆ ‘ಗುರುವಾರ’ ಎಂದು ಉತ್ತರಿಸಬೇಕಾಗಿ ಬಂದದ್ದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಇಲ್ಲಿಗೆ ನಿಮ್ಮ ಕಡೆಯ ಲೋಪಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಮ್ಯಾನೇಜರ್ ಬರೆದದ್ದರಲ್ಲಿ ಒಂದು ಎಳೆಯಷ್ಟು ಸತ್ಯವಿದೆ. ಟೆಸ್ಟಿಂಗ್ ಹಿಂದೆ ಬಿದ್ದಿದೆ ಎಂಬುದು ರಿಲೀಸ್‌ನ ಹಿಂದಿನ ಸಂಜೆ ಥಟ್ಟನೆ ಆದ ಜ್ಞಾನೋದಯವೇ? ಆಗಿರಲಾರದು. ಅರ್ಧ ಕೆಲಸ ಬಾಕಿ ಉಳಿಯಬೇಕಾದರೆ ವಾರದ ಮುಂಚೆಯೇ ಸೂಚನೆ ಕಂಡಿರಬೇಕು. ಅಷ್ಟು ಗಂಭೀರವಾದ ಸಂಗತಿಯನ್ನು ನೀವು ಕಾಫಿಯ ಲೋಟ ಹಿಡಿದು ಬಾಯಿಮಾತಿನಲ್ಲಿ ಹೇಳಿದಿರಿ. ಅವರ ಉತ್ತರ ಒಪ್ಪಿಗೆಯಾಗದಿದ್ದರೂ ಆಗಲೇ ಹಾಗೆಂದು ಹೇಳಲಿಲ್ಲ. ಮರುದಿನ ಗ್ರಾಹಕರೆದುರು ನೀವು ‘ಇಲ್ಲ’ ಎಂದಾಗ ಅವರಿಗೆ ಅದು ಬೆನ್ನಿಗೆ ಹಾಕಿದ ಪೆಟ್ಟಿನಂತೆ ತೋರಿರಬೇಕು. ನೇರ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಉತ್ತರ ಗ್ರಾಹಕರ ಕಿವಿಗೆ ಬೀಳುವ ಮುಂಚೆ ನಿಮ್ಮ ಮ್ಯಾನೇಜರ್ ಕಣ್ಣಿಗೆ ಬರಹದಲ್ಲಿ ಬಿದ್ದಿರಬೇಕಿತ್ತು.

ಆ ಬರಹ ಹೇಗಿರಬೇಕು? ದೂರಿನ ಧಾಟಿ ಬೇಡ, ಸಾಹಿತ್ಯವೂ ಬೇಡ. ಇಂತಿಷ್ಟು ಪರೀಕ್ಷೆಗಳಲ್ಲಿ ಇಂತಿಷ್ಟು ಮುಗಿದಿವೆ, ಬಾಕಿ ಉಳಿದಿರುವುದು ಪಾವತಿ ವಾಪಸಾತಿಯ ಭಾಗ, ಅಲ್ಲಿ ದೋಷವಿದ್ದರೆ ಕಂತು ಕಟ್ಟುವವರ ಖಾತೆಯಿಂದ ಎರಡು ಬಾರಿ ಹಣ ಕಡಿತವಾಗಬಹುದು. ನಮ್ಮ ಮುಂದೆ ಮೂರು ದಾರಿಗಳಿವೆ, ರಿಲೀಸನ್ನು ನಾಲ್ಕು ದಿನ ಮುಂದೂಡುವುದು, ಪಾವತಿ ಭಾಗವನ್ನು ಬಿಟ್ಟು ಉಳಿದದ್ದನ್ನು ಕೊಡುವುದು, ಅಥವಾ ಅಪಾಯವನ್ನು ಗ್ರಾಹಕರಿಗೆ ತಿಳಿಸಿ ಅವರ ಒಪ್ಪಿಗೆಯ ಮೇಲೆ ಮುಂದುವರಿಯುವುದು. ನನ್ನ ಸಲಹೆ ಎರಡನೆಯದು. ಇಷ್ಟೇ. ಇದರಲ್ಲಿ ಒಂದು ಗೆರೆ ಸ್ಪಷ್ಟವಾಗಿದೆ. ಯಾವ ದಾರಿ ಹಿಡಿಯಬೇಕೆಂಬ ನಿರ್ಧಾರ ಮ್ಯಾನೇಜರ್‌ದು, ಅವರಿಗೆ ಕಾಣುವ ಕರಾರು, ದಂಡ, ಬೇರೆ ತಂಡಗಳ ಅವಲಂಬನೆ ನಿಮಗೆ ಕಾಣದಿರಬಹುದು. ಆದರೆ ಪರೀಕ್ಷೆ ಮುಗಿದಿದೆಯೇ ಇಲ್ಲವೇ ಎಂಬ ಸಂಗತಿ ಯಾರ ನಿರ್ಧಾರಕ್ಕೂ ಒಳಪಟ್ಟದ್ದಲ್ಲ. ಕಿರಿಯರು ಸಾಮಾನ್ಯವಾಗಿ ಇವೆರಡನ್ನು ಬೆರೆಸಿಕೊಳ್ಳುತ್ತಾರೆ: ಕೆಲವರು ನಿರ್ಧಾರವೂ ತಮ್ಮದೇ ಆಗಬೇಕೆಂದು ಜಗಳ ತೆಗೆಯುತ್ತಾರೆ, ಹೆಚ್ಚಿನವರು ಸಂಗತಿಯನ್ನೂ ಮೇಲಿನವರಿಗೆ ಒಪ್ಪಿಸಿಬಿಡುತ್ತಾರೆ.

ಮೇಲ್ ಕಳಿಸಿದೆ, ಇನ್ನು ನನ್ನ ತಲೆಯ ಮೇಲೇನಿಲ್ಲ ಎಂದು ಕೈತೊಳೆದುಕೊಳ್ಳುವುದೂ ಸಲ್ಲದು. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯಲ್ಲಿ 2012ರ ಆಗಸ್ಟ್ 1ರಂದು ಆದದ್ದನ್ನು ನೆನಪಿಡಿ. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಾದವರು ಏಳಕ್ಕೆ ಹಾಕಿ ಒಂದನ್ನು ಮರೆತರು, ಹಾಕಿದ್ದನ್ನು ಎರಡನೆಯವರು ಪರಿಶೀಲಿಸುವ ಪದ್ಧತಿ ಇರಲಿಲ್ಲ. ಆ ಎಂಟನೆಯ ಸರ್ವರ್‌ನಲ್ಲಿ ಬಳಕೆ ತಪ್ಪಿ ವರ್ಷಗಳಾಗಿದ್ದ ಹಳೆಯ ಕೋಡ್ ಎಚ್ಚೆತ್ತು, ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು. ಮಾರುಕಟ್ಟೆ ತೆರೆಯುವ ಮುಂಚೆಯೇ ದೋಷದ ಸುಳಿವು ಕೊಡುವ 97 ಇ-ಮೇಲ್‌ಗಳು ವ್ಯವಸ್ಥೆಯಿಂದ ತಾವಾಗಿ ಸಿಬ್ಬಂದಿಗೆ ಹೋಗಿದ್ದವು, ಯಾರೂ ಅವುಗಳನ್ನು ಎಚ್ಚರಿಕೆಯೆಂದು ಓದಲಿಲ್ಲ. ಆದ್ದರಿಂದ ಬರೆದಾದ ಮೇಲೆ ಎದ್ದುಹೋಗಿ ಹೇಳಿ ಬನ್ನಿ. ಉತ್ತರ ಬರುವವರೆಗೆ ವಿಷಯ ತಲುಪಿದೆ ಎಂದುಕೊಳ್ಳಬೇಡಿ.

ಬರೆದು, ಹೇಳಿ, ಆದ ಮೇಲೂ ಅವರು ‘ಗ್ರೀನ್ ಎಂದೇ ಹೇಳು’ ಎಂದರೆ? ‘ಸ್ಟೇಟಸ್ ನೀವೇ ಹೇಳಿ, ಆದರೆ ನನ್ನನ್ನು ಕೇಳಿದರೆ ನಾನು ಇದ್ದದ್ದನ್ನೇ ಹೇಳಬೇಕಾಗುತ್ತದೆ’ ಎಂದು ಕಾಲ್‌ಗೆ ಮುಂಚೆಯೇ ವಿನಯದಿಂದ ತಿಳಿಸಿ. ಬಹಳಷ್ಟು ಸಲ ಈ ಒಂದು ವಾಕ್ಯಕ್ಕೇ ಬಣ್ಣ ಹಸಿರಿನಿಂದ ಹಳದಿಗೆ ತಿರುಗುವುದನ್ನು ನಾನು ನೋಡಿದ್ದೇನೆ. ತಿರುಗದಿದ್ದರೆ ಅವರ ಮೇಲಿನವರು, ಗುಣಮಟ್ಟ ವಿಭಾಗ, ಕಂಪನಿಯಲ್ಲಿ ಇದ್ದರೆ ದೂರು ಸಲ್ಲಿಸುವ ಆಂತರಿಕ ವ್ಯವಸ್ಥೆ, ಈ ಅನುಕ್ರಮದಲ್ಲಿ ಹೋಗಿ. ಗ್ರಾಹಕರಿಗೆ ನೀವಾಗಿಯೇ ಗುಟ್ಟಾಗಿ ಮೇಲ್ ಮಾಡಲು ಹೋಗಬೇಡಿ. ಸಾಕ್ಷಿಗೆ ಇರಲೆಂದು ಕಂಪನಿಯ ದಾಖಲೆಗಳನ್ನು ಸ್ವಂತ ಇ-ಮೇಲ್‌ಗೆ ಕಳಿಸಿಕೊಳ್ಳುವ ತಪ್ಪನ್ನಂತೂ ಖಂಡಿತ ಮಾಡಬೇಡಿ, ಸತ್ಯ ನಿಮ್ಮ ಕಡೆಗಿದ್ದರೂ ಅದೊಂದೇ ಕಾರಣಕ್ಕೆ ಕೆಲಸ ಹೋದೀತು.

ಕೆಲವು ವಿಷಯಗಳಲ್ಲಿ ಮಾತ್ರ ನಿರ್ಧಾರ ಯಾರದೇ ಆದರೂ ಕೈಜೋಡಿಸಬಾರದು. ಓಡಿಸದ ಪರೀಕ್ಷೆಗೆ ‘ಪಾಸ್’ ಎಂದು ದಾಖಲಿಸುವುದು, ಮಾಡದ ಗಂಟೆಗಳನ್ನು ಟೈಮ್‌ಶೀಟ್‌ನಲ್ಲಿ ತುಂಬಿ ಗ್ರಾಹಕರಿಗೆ ಬಿಲ್ ಮಾಡುವುದು, ಬೇರೆಯವರ ಸಂದರ್ಶನಕ್ಕೆ ತಾನು ಕೂರುವುದು, ಗ್ರಾಹಕರ ನೈಜ ದತ್ತಾಂಶವನ್ನು ಟೆಸ್ಟಿಂಗ್‌ಗೆಂದು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು. ಕೊನೆಯದನ್ನು ‘ಎಲ್ಲರೂ ಮಾಡುತ್ತಾರೆ’ ಎಂದು ಹಗುರವಾಗಿ ಕಾಣುವವರೇ ಹೆಚ್ಚು. ಕರಾರು ಮೀರಿ ವೈಯಕ್ತಿಕ ಮಾಹಿತಿಯನ್ನು ಅಕ್ರಮ ಲಾಭ ಅಥವಾ ನಷ್ಟದ ಉದ್ದೇಶದಿಂದ ಹೊರಬಿಟ್ಟರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸವಿದೆ. ದತ್ತಾಂಶಕ್ಕೆ ತಕ್ಕ ರಕ್ಷಣೆ ಒದಗಿಸದ ಸಂಸ್ಥೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 250 ಕೋಟಿ ರೂಪಾಯಿವರೆಗೆ ದಂಡ ಗೊತ್ತುಮಾಡಿದೆ. ಎಐ ಚಾಟ್‌ಬಾಟ್‌ಗೆ ಕೋಡ್ ಅಂಟಿಸಿ ಉತ್ತರ ಕೇಳುವುದೂ ಇದೇ ಸಾಲಿಗೆ ಸೇರುತ್ತದೆ. 2023ರಲ್ಲಿ ಸ್ಯಾಮ್ಸಂಗ್ ಎಂಜಿನಿಯರ್‌ಗಳು ಹೀಗೆ ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಕೊಟ್ಟದ್ದು ಗೊತ್ತಾಗಿ ಅಂಥ ಸಾಧನಗಳ ಬಳಕೆಯನ್ನೇ ಆ ಸಂಸ್ಥೆ ನಿರ್ಬಂಧಿಸಿತು.

ತಡರಾತ್ರಿಯವರೆಗೆ ಕೂರುವುದನ್ನು ವೃತ್ತಿಪರತೆಯ ಗುರುತಾಗಿ ಎಣಿಸುವವರ ಬಗ್ಗೆ ಒಂದೇ ಮಾತು: ಕರ್ನಾಟಕದ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು, ವಾರಕ್ಕೆ 48 ಗಂಟೆಗಳ ಮಿತಿಯನ್ನು ಇಟ್ಟದ್ದು ಸುಮ್ಮನೆ ಅಲ್ಲ. ರಾತ್ರಿ ಒಂದು ಗಂಟೆಗೆ ಬರೆದ ಕೋಡನ್ನು ಬೆಳಿಗ್ಗೆ ಹತ್ತು ಗಂಟೆಗೆ ಓದಿದವರಿಗೆ ಅದರ ಕಾರಣ ವಿವರಿಸಬೇಕಿಲ್ಲ.

ನಿಮ್ಮ ಮ್ಯಾನೇಜರ್ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಸಂಗತಿ. 2017ರ ಜನವರಿ 31ರಂದು, ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ದಣಿದ ರಾತ್ರಿಯಲ್ಲಿ ತಪ್ಪು ಸರ್ವರ್‌ನಲ್ಲಿ ಆಜ್ಞೆ ಕೊಟ್ಟು ಚಾಲ್ತಿಯಲ್ಲಿದ್ದ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್‌ಗಳನ್ನು ನೋಡಿದರೆ ಒಂದರ ಹಿಂದೊಂದು ಕೆಲಸ ಮಾಡುತ್ತಿರಲಿಲ್ಲ. ಸುಮಾರು ಆರು ಗಂಟೆಗಳ ದತ್ತಾಂಶ ಶಾಶ್ವತವಾಗಿ ಹೋಯಿತು. ಸಂಸ್ಥೆ ಅದನ್ನು ಮುಚ್ಚಿಡಲಿಲ್ಲ, ದುರಸ್ತಿಯ ಟಿಪ್ಪಣಿಗಳನ್ನು ಆಗಿಂದಾಗ್ಗೆ ಎಲ್ಲರ ಮುಂದಿಟ್ಟಿತು, ಆ ಎಂಜಿನಿಯರನ್ನು ಬಲಿಕೊಡದೆ ಬ್ಯಾಕಪ್ ಪರೀಕ್ಷಿಸುವ ಹೊಣೆ ಯಾರದೂ ಆಗಿರಲಿಲ್ಲ ಎಂಬ ನಿಜವಾದ ಕಾರಣವನ್ನು ಬರೆದು ಪ್ರಕಟಿಸಿತು. ಕೆಟ್ಟ ಸುದ್ದಿ ತಂದವನಿಗೆ ಅಪ್ರೈಸಲ್‌ನಲ್ಲಿ ಅಂಕ ಕತ್ತರಿಸುವ ತಂಡದಲ್ಲಿ ಇಂಥ ಟಿಪ್ಪಣಿಯನ್ನು ಯಾರು ತಾನೆ ಬರೆದಾರು? ಅಲ್ಲಿ ಮುಂದಿನ ಸಲ ಮ್ಯಾನೇಜರ್‌ಗೆ ಸುದ್ದಿ ತಲುಪುವುದು ಗ್ರಾಹಕರ ಬಾಯಿಂದಲೇ.

ಮುಂದಿನ ತಿಂಗಳ ರಿಲೀಸ್‌ಗೆ ಈಗಲೇ ಆರಂಭಿಸಿ. ‘ಗ್ರೀನ್’ ಎಂದರೆ ಏನು, ಯಾವ ಪರೀಕ್ಷೆಗಳು ಮುಗಿದಿದ್ದರೆ ಆ ಪದ ಬಳಸಬಹುದು ಎಂಬುದನ್ನು ತಂಡದಲ್ಲಿ ಕುಳಿತು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ, ಬಣ್ಣದ ಬಗ್ಗೆ ವಾದವೇ ಹುಟ್ಟದು. ಹಣಕ್ಕೆ ಸಂಬಂಧಿಸಿದ ಪರೀಕ್ಷೆಗಳನ್ನು ಪಟ್ಟಿಯ ಕೊನೆಗೆ ಬಿಡದೆ ಮೊದಲ ದಿನವೇ ಓಡಿಸಿ. ದಿನಾಂಕ ಕೇಳಿದಾಗ ಅವರ ಮುಖ ನೋಡಿ ‘ಸೋಮವಾರ’ ಎನ್ನಬೇಡಿ, ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂದು ಬಿಡಿಸಿ ಹೇಳಿ ಎರಡು ದಿನ ಕೇಳಿಕೊಳ್ಳಿ. ಅಪ್ರೈಸಲ್ ಟಿಪ್ಪಣಿಗೆ ಉದ್ಯೋಗಿಯ ಪ್ರತಿಕ್ರಿಯೆ ಬರೆಯಲು ಜಾಗವಿದ್ದರೆ ಖಾಲಿ ಬಿಡಬೇಡಿ. ಯಾವ ಪ್ರಸಂಗವನ್ನು ಆಧರಿಸಿ ಹೀಗೆ ಬರೆಯಲಾಗಿದೆ ಎಂದು ಕೇಳಿ, ಆ ದಿನ ನಡೆದದ್ದನ್ನು ವಿಶೇಷಣಗಳಿಲ್ಲದೆ ನಾಲ್ಕು ಸಾಲಿನಲ್ಲಿ ದಾಖಲಿಸಿ.

ಕ್ಷಮೆಯ ವಿಚಾರಕ್ಕೆ ಬಂದರೆ, ಕೇಳಿ. ‘ಆ ವಿಷಯವನ್ನು ನಾನು ವಾರದ ಮುಂಚೆಯೇ ನಿಮಗೆ ಬರೆದು ತಿಳಿಸಬೇಕಿತ್ತು ಸರ್, ಕಾಫಿ ಹೊತ್ತಿನ ಮಾತಿಗೆ ಬಿಟ್ಟದ್ದು ನನ್ನ ತಪ್ಪು’ ಎಂದು ಹೇಳಿ. ಟೆಸ್ಟಿಂಗ್ ಮುಗಿದಿಲ್ಲ ಎಂದು ಗ್ರಾಹಕರಿಗೆ ಹೇಳಿದ್ದಕ್ಕೆ ಕ್ಷಮೆ ಕೇಳಬೇಡಿ.